ಎರಡು ಬಳೆಯಷ್ಟು ಎತ್ತರ

ಬುಧವಾರ, ಬೆಳಗ್ಗೆ

ಬಾಣ ಸಾಹೇಬರಿಗೆ,

ಬಗ್ಗಿ ಸೈಕಲ್ ತುಳಿಯುವವನು ಬಾಣ, ನೆಟ್ಟಗೆ ಕೂತವನು ಬೆದರುಬೊಂಬೆ ಎಂದೇ ಅಲ್ಲವೇ ನೀನು ಅಂದದ್ದು? ಅಥವಾ ಬೆದರುಬೊಂಬೆಯನ್ನು ನಾನೇ ಸೇರಿಸಿಕೊಂಡೆನೋ. ಇರಲಿ. ಈಗ ನಾನು ಆ ಪಂಗಡ.

ನೀನು ಬೇರೆ ಮನೆ ಮಾಡಿದ ಮೇಲೂ ನನ್ನ ರೇಸ್ ಸೈಕಲ್ಲನ್ನು ನೀನು ಹೊಂದಿಸಿಕೊಟ್ಟ ಹಾಗೇ ತುಳಿಯುತ್ತಿದ್ದೆ: ಸೀಟು ಆಕಾಶದಲ್ಲಿ, ಹ್ಯಾಂಡಲ್ ಪಾತಾಳದಲ್ಲಿ. ಮನೆ ಸೇರುವಾಗ ಬೆರಳು ಜೋಮು, ಕತ್ತು ಕಲ್ಲು. ಹೋದ ವಾರ ನಿನ್ನ ತಂಗಿ ಗೇಟಿನಲ್ಲಿ ನಿಂತು ನೋಡಿ, "ಅತ್ತಿಗೇ, ಸೈಕಲ್ ಹೊಡೀತಿದ್ದೀಯೋ, ಬಿದ್ದ ಕಿವಿಯೋಲೆ ಹುಡುಕ್ತಿದ್ದೀಯೋ?" ಎಂದಳು.

ಇಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತು, ಹ್ಯಾಂಡಲಿನ ಕತ್ತಿನ ಮೇಲೆ ನೀನು ಪೇರಿಸಿದ್ದ ಮೂರು ಅಲ್ಯುಮಿನಿಯಂ ಬಳೆಗಳನ್ನು, ಅದೇ ಎತ್ತರ ಹೊಂದಿಸುವ ಉಂಗುರಗಳನ್ನು, ತೆಗೆದು ಅದರ ಕೆಳಗೆ ಹಾಕಿದೆವು. ಹ್ಯಾಂಡಲ್ ಎದ್ದಿತು. ಅತಿಯಾಯಿತು. ಭಾರವೆಲ್ಲ ಸೀಟಿನ ಮೇಲೆ ಬಿದ್ದು ಮರುದಿನ ಕಚೇರಿಯಲ್ಲಿ ನಿಂತೇ ಕೆಲಸ ಮಾಡಿದೆ. ಗಾಳಿಯೂ ಎದೆಗೆ ಕೈಯಿಟ್ಟು ತಳ್ಳಿತು. ನಿನ್ನ ಮಾತಿನಲ್ಲೂ ಸತ್ಯವಿತ್ತೆಂದು ಒಪ್ಪುತ್ತೇನೆ, ಒಂದು ಬಳೆಯಷ್ಟು. ಅದೊಂದನ್ನು ವಾಪಸು ಮೇಲಕ್ಕೆ ಹಾಕಿದೆವು.

ಈಗ ಮೊಣಕೈ ತುಸು ಬಾಗಿರುತ್ತದೆ, ಅಂಗೈ ಹಗುರ. ಸೇತುವೆಯ ಮೇಲೆ ತಲೆಯೆತ್ತಿ ನೋಡಿದೆ. ಇಷ್ಟು ವರ್ಷ ಆ ದಾರಿಯಲ್ಲಿ ನಾನು ಕಂಡದ್ದು ನಿನ್ನ ಹಿಂದಿನ ಚಕ್ರವೊಂದೇ. ಅಲ್ಲಿ ನದಿ ಇದೆಯಪ್ಪಾ! ದಡದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಮುದುಕರೊಬ್ಬರು ಕೈಬೀಸಿದರು. ನಾನೂ ಒಂದು ಕೈ ಬಿಟ್ಟು ಬೀಸಿದೆ. ಬೀಳಲಿಲ್ಲ. ಹಾಡೂ ಬಂತು, ಗಂಟಲು ಮಾತ್ರ ಹಳೆಯದೇ.

ನಿನ್ನ ತಂಗಿ ಪಕ್ಕದಲ್ಲೇ ತುಳಿಯುತ್ತಿದ್ದಳು. ದಾರಿಯುದ್ದಕ್ಕೂ ಹರಟೆ. ಹೊರಳಿದರೆ ಪಕ್ಕದವರ ಮುಖ ಕಾಣುವಷ್ಟು ಎತ್ತರ, ಅದೇ ಸರಿಯಾದ ಅಳತೆಯೆಂದು ನನಗೆ ತೋರುತ್ತದೆ. ಬಲ್ಲವರು ಬೇರೆ ಹೇಳಬಹುದು.

ಭಾನುವಾರ ನಿನ್ನ ಸೈಕಲ್ ಒಯ್ಯಲು ಬರುತ್ತೇನೆಂದು ಬರೆದಿದ್ದೀಯೆ. ಅದೊಂದು ಹೋದರೆ ಈ ಮನೆಯಲ್ಲಿ ನಿನ್ನದೇನೂ ಉಳಿಯುವುದಿಲ್ಲ. ಬಾ. ಮೆಟ್ಟಿಲ ಕೆಳಗಿದೆ, ಧೂಳು ಒರೆಸಿ ಗಾಳಿ ತುಂಬಿಸಿದ್ದೇನೆ.

ನೆಟ್ಟಗೆ ಕೂತಿರುವ,
ಬೆದರುಬೊಂಬೆ

ಮರೆತೆ: ನಿನ್ನ ಹ್ಯಾಂಡಲನ್ನೂ ಎರಡು ಬಳೆ ಎತ್ತಿಬಿಟ್ಟಿದ್ದೇನೆ. ಹಳೆಯ ಹಾಗೇ ಬೇಕೆಂದರೆ ಬೋಲ್ಟ್ ಬಿಚ್ಚುವ ಪಾನಾ ಮೇಜಿನ ಮೇಲಿದೆ. ಆದರೆ ಅದನ್ನು ಕೈಗೆತ್ತಿಕೊಳ್ಳುವ ಮೊದಲು, ಸೇತುವೆಯವರೆಗೆ ಒಮ್ಮೆ ನನ್ನ ಪಕ್ಕದಲ್ಲಿ ಬರುತ್ತೀಯಾ?