ಮಳೆಗೆ ಕದ ಹಾಕದವರ ಊರಿನಿಂದ

ಲಿಂಗಸುಗೂರು ಸೀಮೆ, ಗುಡ್ಡದ ಏರುಮನೆ
ಕ್ರಿ.ಶ. ೨೨೩೧, ಎರಡನೇ ಆರಿದ್ರೆಯ ಒಂಬತ್ತನೇ ದಿನ

ವಾರಿಜಕ್ಕನವರಿಗೆ ಶರಣವ್ವ ಮಾಡುವ ನಮಸ್ಕಾರಗಳು.

ನಿಮ್ಮ ಪಂಚಾಂಗದಲ್ಲಿ ಆರಿದ್ರೆ ಮಳೆ ಒಂದೇ ಎಂದು ಬಲ್ಲೆ. ನಮಗೆ ಎರಡು ಬರುತ್ತವೆ, ಏನು ಮಾಡುವುದು! ನನ್ನ ಬರಹ ನಿಮಗೆ ಒರಟಾಗಿ ಕಾಣಬಹುದು, ಕೆಲವು ಮಾತು ಅರ್ಥವೇ ಆಗದಿರಬಹುದು. ನಿಮ್ಮ ದನಿ ಕೇಳುತ್ತಲೇ ಬೆಳೆದೆ, ಆದರೂ ನಿಮ್ಮ ಹಾಗೆ ಮಾತಾಡಲು ಬರಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ನಿಮ್ಮ ತಂಗಿ ಶಶಿಕಲಾ ಅವರ ವಂಶದ ಎಂಟನೇ ತಲೆಮಾರಿನವಳು. ಅವರು ಟೀಚರಾಗಿ ನಮ್ಮ ಸೀಮೆಗೆ ಬಂದು ಇಲ್ಲೇ ಉಳಿದುಬಿಟ್ಟರಲ್ಲ, ಕರಾವಳಿಯ ಹೊಳೆದಂಡೆಯ ಮನೆಯಿಂದ ನೀವು ಅವರ ಮೊಬೈಲಿಗೆ ಕಳಿಸಿದ ನಲವತ್ತೊಂದು ವಾಯ್ಸ್ ಮೆಸೇಜು ನಮ್ಮಲ್ಲಿ ಇನ್ನೂ ಉಳಿದಿವೆ. ಎಲ್ಲದರಲ್ಲೂ ಮಳೆ ಸುದ್ದಿಯೇ! ನಮ್ಮ ಮಕ್ಕಳು ಅಕ್ಷರ ಕಲಿಯುವ ಮೊದಲು ಅವನ್ನು ಬಾಯಿಪಾಠ ಮಾಡುತ್ತಾರೆ.

ನಿಮ್ಮ ಕಾಲದಲ್ಲಿ ಈ ಸೀಮೆ ಒಣಭೂಮಿ. ಈಗ ವರ್ಷದಲ್ಲಿ ಏಳು ತಿಂಗಳು ಮಳೆ. ಎಮ್ಮೆಗಳನ್ನು ಅಟ್ಟಣೆಯ ಮೇಲೆ ಕಟ್ಟುತ್ತೇವೆ. ದಿನಾ ಅನ್ನ, ಕೆಸುವಿನ ಪಲ್ಯ. ಜೋಳದ ರೊಟ್ಟಿ ಹಬ್ಬಕ್ಕೆ ಮಾತ್ರ. ಊರಿಗೊಂದು ಬೆಚ್ಚಗಟ್ಟೆ ಇದೆ, ಅಂದರೆ ಎಲ್ಲರ ಬಟ್ಟೆ ಒಣಗಿಸಲು ಬೆಂಕಿಯ ಸುತ್ತ ಕಟ್ಟಿದ ಜಗುಲಿ. ಊರಿನ ಅರ್ಧ ಜಗಳ, ಅರ್ಧ ಮದುವೆ ಅಲ್ಲೇ ಕುದುರುತ್ತವೆ. ಆದರೆ ನಾವು ಹನಿ ನೀರಿಗೆ ಬಾಯಿ ಬಿಟ್ಟವರ ಮಕ್ಕಳು. ಮಳೆ ಬಂತೆಂದರೆ ಕದ ತೆರೆದಿಟ್ಟು, ಹೊರಗೆ ಹಂಡೆ ಇಟ್ಟು, ಹೊಸ್ತಿಲಲ್ಲಿ ಕೂರುವುದು ನಮ್ಮ ಪದ್ಧತಿ. "ಮಳಿರಾಯ ಬಾಗಿಲಿಗೆ ಬಂದಾಗ ಕದಾ ಹಾಕ್ತಿಯೇನ? ನಾಚಿಕಿ ಬರೂದಿಲ್ಲೇನ ನಿನಗ?" ಎಂದು ನಮ್ಮವ್ವ ಹುಲಿಗೆವ್ವ ನನಗೆ ಎಷ್ಟು ಸಲ ಬೈದಿದ್ದಾಳೋ! ಹಳ್ಳ ಉಕ್ಕಿದಾಗಲೆಲ್ಲ ಹೊಸ್ತಿಲಲ್ಲಿ ಕೂತವರೇ ಮೊದಲು ಕೊಚ್ಚಿಹೋಗುತ್ತಿದ್ದರು. ನನ್ನ ಅಜ್ಜಿಯೂ ಹಾಗೇ ಹೋದಳು. ಹಿರಿಯರು ಅಂಕಿ ಹೇಳಿ ಎಚ್ಚರಿಸಿ ನೋಡಿದರು. ಇನ್ನೂರು ಮಿಲಿಮೀಟರ್ ಬರುತ್ತದೆ ಎಂದು ಸಾರಿದರೆ ನಮ್ಮ ಜನ ಖುಷಿಯಿಂದ ಇನ್ನೊಂದು ಹಂಡೆ ಹೊರಗಿಟ್ಟರು. ಥೂ, ಎಂಥ ಬುದ್ಧಿ!

ಆಗ ಕೈಹಿಡಿದದ್ದು ನಿಮ್ಮ ಮಾತು. "ಜಡಿ ಹಿಡಿದದ್ದು ಬಿಡ್ಲೇ ಇಲ್ಲ ಮಾರಾಯ್ತಿ, ಕಟ್ಟಿಗೆ ಎಲ್ಲ ಒಳಗೆ ತಂದೆ" ಎಂದಿರಲ್ಲ, ಜಡಿಮಳೆ ಎಂದರೆ ನಾವೂ ಕಟ್ಟಿಗೆ ಒಳಗೆ ತರುತ್ತೇವೆ. ಬಿರುಮಳೆಗೆ ನೀವು ದನದ ಹಗ್ಗ ಬಿಚ್ಚಿದಿರಿ, ನಾವು ಎಮ್ಮೆಯ ಹಗ್ಗ ಬಿಚ್ಚುತ್ತೇವೆ. ಕುಂಭದ್ರೋಣ ಮಳೆಗೆ ನೀವು ಅಟ್ಟ ಹತ್ತಿದಿರಿ, ನಾವೂ ಹತ್ತುತ್ತೇವೆ. ಅಂಕಿಗೆ ಕದಲದವರು ಹೆಸರಿಗೆ ಕದಲಿದರು. ಈಗ ಪ್ರತಿ ಊರಿಗೂ ಒಬ್ಬಳು ಮಳೆಗೂಗಿ, ಎಂದರೆ ಎತ್ತರದಲ್ಲಿ ನಿಂತು ಮಳೆಯ ಹೆಸರು ಕೂಗಿ ಹೇಳುವವಳು. ನಮ್ಮೂರಿಗೆ ನಾನೇ. ಹದಿನೆಂಟು ವರ್ಷ ಕೂಗಿ ಕೂಗಿ ಗಂಟಲು ಕಪ್ಪೆಯದಾಗಿದೆ.

ಕಳೆದ ಗುರುವಾರ ಮಧ್ಯಾಹ್ನ ಬಂದ ಮಳೆಗೆ ನನ್ನ ಬಾಯಲ್ಲಿ ಹೆಸರೇ ಇರಲಿಲ್ಲ. ಎದುರಿನ ಗುಡ್ಡ ಕಾಣೆಯಾಯಿತು, ಮೇಲಿನ ಕೆರೆಯ ಏರಿ ಬಿರಿಯುವ ಸದ್ದು ಕೇಳಿಸಿತು. ಕುಂಭದ್ರೋಣ ಎಂದು ಕೂಗಿದರೆ ಜನ ಅಟ್ಟ ಹತ್ತುತ್ತಾರೆ, ಅಟ್ಟದ ಸಮೇತ ಹೋಗುತ್ತಾರೆ. ಕೆಳಗೆ ನಮ್ಮವ್ವ ಹೊಸ್ತಿಲಲ್ಲಿ ಕೂತದ್ದು ನನಗೆ ಕಾಣುತ್ತಿತ್ತು. ಆಗ ನಿಮ್ಮ ಕೊನೆಯ ಮೆಸೇಜು ನೆನಪಾಯಿತು: "ಇದಕ್ಕೆ ಎಂತ ಹೇಳುದು ಅಂತ್ಲೇ ನಂಗೆ ಗೊತ್ತಿಲ್ಲ ಶಶೀ. ಬಾಗಿಲು ಸಹ ಹಾಕ್ಲಿಲ್ಲ. ಅತ್ತೆಯನ್ನು ಬೆನ್ನ ಮೇಲೆ ಹೊತ್ಕೊಂಡು ಶಾಲೆ ಗುಡ್ಡ ಹತ್ತಿದ್ದೇ ಹತ್ತಿದ್ದು." ನಾನು ನಿಮ್ಮ ಹೆಸರನ್ನೇ ಕೂಗಿದೆ. ವಾರಿಜಾ, ವಾರಿಜಾ, ವಾರಿಜಾ ಎಂದು ಮೂರು ಸಲ.

ಯಾರೂ ಏನು ಎಂದು ಕೇಳಲಿಲ್ಲ ಅಕ್ಕಾ. ನೀವು ಮಾಡಿದ್ದನ್ನೇ ಮಾಡಿದರು. ಮುದುಕರನ್ನು ಬೆನ್ನಿಗೇರಿಸಿಕೊಂಡು ಇನ್ನೂರ ಅರವತ್ತು ಜನ ಗುಡ್ಡ ಹತ್ತಿದರು. ನಮ್ಮವ್ವ ಪಕ್ಕದ ಮನೆಯ ಮಾನಪ್ಪನ ಬೆನ್ನ ಮೇಲೆ, ದಾರಿಯುದ್ದಕ್ಕೂ ಅವನಿಗೆ "ಮೆಲ್ಲಕ ನಡಿಯೋ ಮೂಳಾ" ಎಂದು ಬೈಯುತ್ತಾ ಬಂದಳು. ಮನೆ ಒಂದೂ ಉಳಿಯಲಿಲ್ಲ. ಜನರಲ್ಲಿ ಒಬ್ಬರೂ ಹೋಗಲಿಲ್ಲ. ಅವ್ವನನ್ನು ತಬ್ಬಿಕೊಂಡು ಮನಸಾರೆ ಅತ್ತೆ. ಈಗ ಅವಳು, ನಾವೆಲ್ಲ ಗುಡ್ಡದ ಮೇಲೆ ತಂಗಿರುವ ಈ ಏರುಮನೆಯ ಮೂಲೆಯಲ್ಲಿ ಕೂತು, ಚಹಾ ಸಪ್ಪಗಿದೆ ಎಂದು ಗೊಣಗುತ್ತಿದ್ದಾಳೆ. ಆ ಗೊಣಗು ಕೇಳಿಸುತ್ತಿರುವುದು ನಿಮ್ಮಿಂದ.

ಎಷ್ಟು ಸಲ ಅದೇ ಮಳೆ ಸುದ್ದಿ ಎಂದು ತಂಗಿ ರೇಗಿದರೆ ಬೇಸರ ಮಾಡಿಕೊಳ್ಳಬೇಡಿ. ಈ ಕಾಗದ ನಿಮ್ಮ ಕಾಲಕ್ಕೆ ಹೇಗೋ ಮುಟ್ಟಿದರೆ, ದಯವಿಟ್ಟು ಆ ನಲವತ್ತೊಂದನ್ನೂ ಕಳಿಸುತ್ತಾ ಇರಿ.

ಇನ್ನೊಂದು ವಿಷಯ, ಹೇಳಲು ಸ್ವಲ್ಪ ಸಂಕೋಚ. ಆ ಮಳೆಗೆ ವಾರಿಜ ಎಂದೇ ಹೆಸರಿಡಬೇಕೆಂದು ಊರು ತೀರ್ಮಾನಿಸಿದೆ. ಆದ್ದರಿಂದ ಬೇರೆ ದಿನ ಆ ಹೆಸರು ಕೂಗುವಂತಿಲ್ಲ. ನಿಮ್ಮ ಹೆಸರಿಟ್ಟುಕೊಂಡಿದ್ದ ಇಬ್ಬರಿಗೆ ಬೇರೆ ಹೆಸರಿಟ್ಟೆವು. ಅವರಲ್ಲಿ ನಾಲ್ಕು ವರ್ಷದವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಇನ್ನು ನಮ್ಮ ಸೀಮೆಯಲ್ಲಿ ಯಾವ ಮಗುವಿಗೂ ಆ ಹೆಸರು ಇಡುವುದಿಲ್ಲ. ನಿಮ್ಮನ್ನು ಕೇಳದೆ ತೆಗೆದುಕೊಂಡುಬಿಟ್ಟಿದ್ದೇವೆ. ಕೊಟ್ಟೆ ಅಂದುಬಿಡಿ, ಅಕ್ಕಾ.