ತಕ್ ಮನ್‌ಸಿಕ್ ನಮ್ಮ ಮನೆಯಲ್ಲಿ ಊಟ ಮಾಡಿದ್ದು

ಯೇಸಾನ್ ಪೇಟೆ
12 ಡಿಸೆಂಬರ್ 1994, ಸೋಮವಾರ

ಪ್ರೀತಿಯ ತಂಗಿ ಗ್ವಿಮ್‌ಗೆ,

ಲಕೋಟೆಯ ಮೇಲೆ ಸಿಸ್ಟರ್ ಯುಸ್ತಿನಾ ಎಂದೇ ಬರೆದಿದ್ದೇನೆ, ನಿನ್ನ ಮಠದವರು ಬೇಜಾರು ಮಾಡಿಕೊಳ್ಳಬಾರದಲ್ಲ. ಒಳಗೆ ಮಾತ್ರ ನೀನು ನನ್ನ ಗ್ವಿಮ್. ಹೇಗಿದ್ದೀ? ಜೇಜು ದ್ವೀಪದ ಗಾಳಿಗೆ ನಿನ್ನ ಮಂಡಿನೋವು ಜಾಸ್ತಿಯಾಗಿರಬೇಕು. ಕಳಿಸಿದ ಉಣ್ಣೆ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಅಥವಾ ಅದನ್ನೂ ನಿಮ್ಮ ಆಶ್ರಮದ ಯಾವುದೋ ಅಜ್ಜಿಗೆ ಕೊಟ್ಟುಬಿಟ್ಟೆಯೋ? ಕೊಟ್ಟಿದ್ದರೆ ಹೇಳು, ಇನ್ನೊಂದು ಜೊತೆ ಹೆಣೆಯುತ್ತೇನೆ. ನಾವೆಲ್ಲ ಚೆನ್ನಾಗಿದ್ದೇವೆ. ಚಳಿಗಾಲದ ಕಿಮ್ಚಿ ಹಾಕಿ ಮುಗಿಸಿದೆವು, ಈ ಸಲ ಎಲೆಕೋಸು ಸಿಹಿಯಾಗಿತ್ತು. ಬಿಸಿಲಿರುವ ದಿನ ಅಂಗಡಿ ಮುಂದೆ ಬಿದಿರುಗಳ ಮೇಲೆ ಶಾವಿಗೆ ಒಣಹಾಕುತ್ತೇವೆ, ನಿನ್ನ ಭಾವ ಅವುಗಳ ನಡುವೆ ಓಡಾಡುತ್ತಾ ಬಂದವರಿಗೆಲ್ಲ ಬೆನ್ನುನೋವಿನ ಕಥೆ ಹೇಳುತ್ತಾರೆ. ಅಮ್ಮನ ಆರೋಗ್ಯ ಗಟ್ಟಿಯಾಗಿದೆ. ಎರಡು ಬಟ್ಟಲು ಅನ್ನ ತಿನ್ನುತ್ತಾಳೆ. ತಿಂದದ್ದು ಮರೆತು ಮತ್ತೆ ಕೇಳುತ್ತಾಳೆ. ನನ್ನನ್ನು ಒಮ್ಮೊಮ್ಮೆ ಅಗತಾ ಅನ್ನುತ್ತಾಳೆ, ಒಮ್ಮೊಮ್ಮೆ ಯಾವುದೋ ನೆರೆಯವಳೆಂದು ತಿಳಿದು, ನೀವು ಯಾವ ಊರಿನವರು ತಾಯಿ, ಎಂದು ವಿಚಾರಿಸುತ್ತಾಳೆ. ಯೇಸಾನಿನವಳೇ ಅಂದರೆ, ಒಳ್ಳೇದಾಯ್ತು, ನಮ್ಮ ಕಡೆಯವರೇ, ಎಂದು ಕೈ ಹಿಡಿದುಕೊಳ್ಳುತ್ತಾಳೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿರುವುದು ಅಮ್ಮ ಕೂರುವ ಬೆಚ್ಚನೆಯ ಮೂಲೆಯಲ್ಲೇ, ಅವಳು ಕೇಳಿಸಿಕೊಳ್ಳುತ್ತಾಳೆ. ಈಗ ಹೇಳಬೇಕಾದದ್ದು ಅವಳ ಮುಂದೆ ಹೇಳುವಂಥದ್ದಲ್ಲ. ನಿಜ ಹೇಳಬೇಕೆಂದರೆ ಹೇಗೆ ಹೇಳಬೇಕೆಂಬುದೇ ನನಗೆ ತಿಳಿಯುತ್ತಿಲ್ಲ. ನೀನು ಇಷ್ಟು ವರ್ಷ ಪ್ರಾರ್ಥನೆಯಲ್ಲೇ ಬದುಕಿದವಳು. ಓದಿ, ನಿನಗೇನಾದರೂ ಅರ್ಥವಾದರೆ ತಿಳಿಸು.

ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ನಮ್ಮ ಫಾದರ್ ಮಾ ಪ್ರಸಂಗ ಮಾಡಿದರು. ಹೊಸಬರು, ಮುಖದಲ್ಲಿ ಇನ್ನೂ ಸರಿಯಾಗಿ ಗಡ್ಡ ಬಂದಿಲ್ಲ, ನಮ್ಮ ಮುದುಕಿಯರೆಲ್ಲ ಅವರಿಗೆ ಬೇಯಿಸಿದ ಗೆಣಸು ತಂದು ತಂದು ಕೊಟ್ಟು ದಪ್ಪ ಮಾಡುತ್ತಿದ್ದಾರೆ. ಕಡುನೇರಳೆ ಮೇಣದಬತ್ತಿ ಹಚ್ಚಿದ ಮೇಲೆ ಅವರು ಹೇಳಿದ್ದು ಇಷ್ಟು: ವಾರಕ್ಕೊಂದು ಬತ್ತಿ ಹಚ್ಚಿ, ಪಾಪನಿವೇದನೆ ಮಾಡಿ ಲೆಕ್ಕಕ್ಕೆ ಚರ್ಚು ಕೊಟ್ಟ ಚೀಟಿ ಡಬ್ಬಿಗೆ ಹಾಕಿ, ತಯಾರಾದೆವು ಅಂದುಕೊಳ್ಳಬೇಡಿ. ಬರುವವನು ಯಾರ ಮನೆಯ ಬಾಗಿಲು ತಟ್ಟಿ ಬರುತ್ತಾನೋ ಗೊತ್ತಿಲ್ಲ. ನೀವು ಯಾರಿಗೆ ಬಾಗಿಲು ಹಾಕಿದ್ದೀರೋ ಆ ಬಾಗಿಲು ತೆಗೆದಿಡಿ. ಒಳ್ಳೆಯ ಮಾತೇ. ನನಗೆ ನಮ್ಮ ಪಕ್ಕದ ಅಕ್ಕಿ ಅಂಗಡಿಯವಳ ನೆನಪಾಯಿತು, ಅವಳ ಹತ್ತಿರ ಬೇಸಿಗೆಯಿಂದಲೇ ಮಾತುಬಿಟ್ಟಿದ್ದೆ. ಸರಿ, ಅವಳಿಗೊಂದು ಕಟ್ಟು ಶಾವಿಗೆ ಕೊಟ್ಟುಬಂದರಾಯಿತು ಎಂದು ಲೆಕ್ಕ ಹಾಕುತ್ತಾ ಕೂತಿದ್ದೆ. ಆಗ ಪರಲೋಕ ಪ್ರಾರ್ಥನೆ ಶುರುವಾಯಿತು, ಅಮ್ಮ ಆ ಸಾಲು ಹೇಳಿಬಿಟ್ಟಳು.

ನಿನಗೆ ಗೊತ್ತಲ್ಲ. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ" ಎಂಬಲ್ಲಿ ಅಮ್ಮ ಯಾವತ್ತೂ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾವಿಬ್ಬರೂ ಅವಳ ಎಡಬಲ ನಿಂತು, ಆ ಸಾಲು ಕಳೆಯುವವರೆಗೆ ಅವಳ ಉಸಿರು ಮಾತ್ರ ಕೇಳುತ್ತಾ ಬೆಳೆದವರು. ಹಿಂದಿನ ಗುರುಗಳೊಬ್ಬರು ಗದರಿಸಿದಾಗ ಅವಳು, "ದೇವರ ಮುಂದೆ ಸುಳ್ಳು ಹೇಳಲಾ ಸ್ವಾಮಿ?" ಎಂದಿದ್ದಳಂತೆ. ಅವರು ಮತ್ತೆ ಕೇಳಲಿಲ್ಲ. ಅಂಥ ಅಮ್ಮ ಅವತ್ತು ಎಲ್ಲರೊಟ್ಟಿಗೆ, ಗಟ್ಟಿ ದನಿಯಲ್ಲಿ, ಅಡೆತಡೆಯಿಲ್ಲದೆ ಹೇಳಿದಳು. ನಾನು ತಿರುಗಿ ನೋಡಿದೆ. ಅವಳ ಮುಖದಲ್ಲಿ ಏನೂ ಇರಲಿಲ್ಲ. ಮಗು ಪಾಠ ಒಪ್ಪಿಸಿದ ಹಾಗಿತ್ತು. ಅವಳು ಕ್ಷಮಿಸಿದಳೋ, ಯಾರನ್ನು ಕ್ಷಮಿಸಬೇಕಿತ್ತು ಎಂಬುದನ್ನು ಮರೆತಳೋ? ಮನೆಗೆ ಬಂದು ನಿನ್ನ ಭಾವನನ್ನು ಕೇಳಿದೆ. "ಮರೆತರೆ ಒಳ್ಳೇದೇ ಆಯ್ತಲ್ಲ, ನೀನ್ಯಾಕೆ ಕೆದಕ್ತೀಯ, ಊಟ ಹಾಕು" ಅಂದರು. ಅವರಿಗೆ ಎಲ್ಲವೂ ಊಟಕ್ಕೆ ಮುಂಚೆ ಅಥವಾ ಊಟದ ನಂತರ.

ಆ ಮಂಗಳವಾರ ಮಧ್ಯಾಹ್ನ ಒಬ್ಬ ಮುದುಕ ಅಂಗಡಿಗೆ ಬಂದ. ಟೋಪಿ ಕೈಯಲ್ಲಿತ್ತು, ಒಂದು ಭುಜ ಇಳಿಬಿದ್ದಿತ್ತು. ಶಾವಿಗೆ ಕೊಳ್ಳಲು ಬಂದವನೆಂದು ಸಣ್ಣದು ಬೇಕೋ ದಪ್ಪದೋ ಎಂದು ಕೇಳಿದೆ. ಅವನು, "ಉಪದೇಶಿ ಬಾಂಗ್ ಅವರ ಮನೆಯವರು ಇನ್ನೂ ಇದ್ದಾರಾ?" ಅಂದ. ಅಪ್ಪನನ್ನು ಉಪದೇಶಿ ಅನ್ನುವವರು ಈಗ ಊರಲ್ಲಿ ಯಾರಿದ್ದಾರೆ ಹೇಳು. ಇದ್ದಾರೆ, ನಾನು ಅವರ ದೊಡ್ಡ ಮಗಳು, ನೀವ್ಯಾರು, ಎಂದೆ. ಟೋಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ತಕ್ ಮನ್‌ಸಿಕ್" ಅಂದ.

ಗ್ವಿಮ್, ನಿನಗೆ ಆಗ ಮೂರು ವರ್ಷ, ನಿನಗದು ಬರೀ ಹೆಸರು. ನನಗೆ ಹನ್ನೆರಡು. ಐವತ್ತನೇ ಇಸವಿಯ ಯುದ್ಧದ ಆ ಶರತ್ಕಾಲದಲ್ಲಿ ಅಪ್ಪ ಗುಡ್ಡದ ಕೆಳಗಿನ ಕುಂಬಾರರ ಆವಿಗೆಯೊಳಗೆ ಅಡಗಿದ್ದರು. ನಾನೇ ಬಟ್ಟೆಯಲ್ಲಿ ಜೋಳದ ಮುದ್ದೆ ಕಟ್ಟಿಕೊಂಡು ಹೋಗುತ್ತಿದ್ದೆ. ಚರ್ಚಿನವರನ್ನು ಹಿಡಿಯುತ್ತಿದ್ದ ಉತ್ತರದ ಕಡೆಯವರು ತೋಳಿಗೆ ಪಟ್ಟಿ ಕಟ್ಟಿಕೊಂಡು ಬಂದ ದಿನ ಅವರ ಮುಂದೆ ನಡೆದು ದಾರಿ ತೋರಿಸಿದವನು ಮನ್‌ಸಿಕ್. ಅಪ್ಪನ ಹತ್ತಿರವೇ ಜಪ ಕಲಿತವನು, ಅಪ್ಪನನ್ನು ಅಣ್ಣಾ ಅನ್ನುತ್ತಿದ್ದವನು, ನಮ್ಮ ಮನೆಯಲ್ಲೇ ಎಷ್ಟೋ ಸಲ ಉಂಡವನು. ಅವನಣ್ಣನನ್ನು ಅವರು ಹಿಡಿದಿಟ್ಟಿದ್ದರು, ತೋರಿಸದಿದ್ದರೆ ಕೊಲ್ಲುತ್ತಿದ್ದರು ಎಂದು ಆಮೇಲೆ ಜನ ಹೇಳಿದರು. ಅವನಣ್ಣ ಉಳಿದ. ಅಪ್ಪ ಬರಲಿಲ್ಲ, ಅಪ್ಪನ ದೇಹವೂ ಬರಲಿಲ್ಲ. ತಕ್ ಅದೇ ಚಳಿಗಾಲ ಊರು ಬಿಟ್ಟ. ಈಗ ತಂಗಿಯ ಮಗನ ಸೇಬಿನ ತೋಟದಲ್ಲಿ ಬಂದು ಇದ್ದಾನಂತೆ. ಅಲ್ಲಿಗೂ ನಮ್ಮ ಚರ್ಚಿನವರು ಪಾಪನಿವೇದನೆಯ ಚೀಟಿ ಕೊಡಲು ಹೋಗಿದ್ದಾರೆ, ಚರ್ಚಿಗೆ ಬರುವುದನ್ನು ಬಿಟ್ಟವರನ್ನೆಲ್ಲ ಕ್ರಿಸ್‌ಮಸ್ಸಿಗೆ ಮುಂಚೆ ಹುಡುಕಿಕೊಂಡು ಹೋಗುತ್ತೇವಲ್ಲ, ಹಾಗೆ. ಇವನು ಫಾದರ್ ಮಾ ಹತ್ತಿರ ಹೋದನಂತೆ. ಅವರು, ಮೊದಲು ಅವರ ಮನೆಗೆ ಹೋಗಿ ಬಾ, ಆಮೇಲೆ ಇಲ್ಲಿಗೆ ಬಾ, ಅಂದರಂತೆ. ಗೆಣಸು ತಿನ್ನುವ ಹುಡುಗನಿಗೆ ಅಷ್ಟು ಧೈರ್ಯ.

ನಾನು ಏನು ಹೇಳಬೇಕಿತ್ತು? ಹೊರಗೆ ಹೋಗು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಬಾಗಿಲು ಸರಿದು ಅಮ್ಮ ಇಣುಕಿದಳು. ಅವನನ್ನು ಕಂಡು ಅವಳ ಮುಖ ಅರಳಿತು. "ಪಿಲ್ಗು! ಈಗ ಬಂದೆಯೇನೋ? ಒಳಗೆ ಬಾರೋ, ಕಾಲು ಮರಗಟ್ಟಿರುತ್ತೆ" ಅಂದಳು. ಪಿಲ್ಗು ಮಾವ, ಅಮ್ಮನ ತಮ್ಮ, ಗಣಿಯಲ್ಲಿ ಸತ್ತವನು. ತಕ್ ನನ್ನ ಮುಖ ನೋಡಿದ. ಪಿಲ್ಗು ಯಾರೆಂದು ಅವನಿಗೆ ತಿಳಿಯದು. ಅಮ್ಮನಿಗೆ ಅರಳುಮರಳು ಎಂಬುದೂ ಗೊತ್ತಿಲ್ಲ. ನಾನು ಹೇಳಬಹುದಿತ್ತು, ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ.

ಅವನು ಒಳಗೆ ಹೋಗಿ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದ, ಏಳಲೇ ಇಲ್ಲ. "ಅತ್ತಿಗೆ, ನಾನು ಮನ್‌ಸಿಕ್. ಅಣ್ಣನ್ನ ಹಿಡಿದುಕೊಟ್ಟವನು ನಾನೇ. ನನ್ನನ್ನ ಬೈದುಬಿಡಿ" ಅಂದ. ಅಮ್ಮ ಅವನ ಬೆನ್ನು ಸವರಿದಳು. "ಆಯ್ತು ಬಿಡೋ, ಆದದ್ದಾಯ್ತು. ಎದ್ದೇಳು, ನೆಲದ ಮೇಲೆ ಎಷ್ಟು ಹೊತ್ತು ಬಿದ್ದಿರ್ತೀಯ. ಊಟ ಮಾಡಿದೆಯಾ?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಇವನಿಗೆ ಬಡಿಸೇ, ಹೊಸ ಕಿಮ್ಚಿ ತೆಗಿ" ಅಂದಳು. ನಾನು ಬಡಿಸಿದೆ. ನನ್ನ ಕೈಯಿಂದಲೇ, ಗ್ವಿಮ್. ಅನ್ನ, ಹುದುಗಿಸಿದ ಸೋಯಾಕಾಳಿನ ಸಾರು, ಸುಟ್ಟ ಮೀನು. ಅಮ್ಮ ಮುಳ್ಳು ಬಿಡಿಸಿ ಮೀನನ್ನು ಅವನ ಅನ್ನದ ಮೇಲಿಟ್ಟಳು. ಅವನು ಅಳುತ್ತಲೇ ತಿಂದ, ಮೂಗು ಒರೆಸಿಕೊಂಡು ತಿಂದ, ಪೂರ್ತಿ ತಿಂದ. ಅವನು ಹೊರಡುವಾಗ ಅಮ್ಮ, ಭಾನುವಾರ ಚರ್ಚು ತಪ್ಪಿಸಬೇಡ, ಎಂದಳು. ತಿರುವಿನವರೆಗೂ ಅವನು ಹಿಂದೆ ತಿರುಗಿ ತಿರುಗಿ ತಲೆಬಾಗುತ್ತಾ ಹೋದ.

ಮಾರನೇ ದಿನ ನಾನು ಫಾದರ್ ಮಾ ಹತ್ತಿರ ಹೋಗಿ ಜಗಳವನ್ನೇ ಆಡಿದೆ. ನಮ್ಮಮ್ಮ ಕ್ಷಮಿಸಿದ್ದು ಅವಳ ಸತ್ತ ತಮ್ಮನನ್ನ, ಇವನನ್ನಲ್ಲ, ಈ ಕ್ಷಮೆ ನಡೆಯುತ್ತಾ, ಎಂದು ಕೇಳಿದೆ. ಅವರು, "ಅಮ್ಮನ ಮಟ್ಟಿಗೆ ನನಗೆ ಗೊತ್ತಿಲ್ಲ ಅಗತಮ್ಮ. ನಿಮ್ಮ ಮಟ್ಟಿಗೆ ಹೇಗೆ?" ಅಂದರು. ನನ್ನನ್ನು ಯಾರೂ ಕ್ಷಮೆ ಕೇಳಿಲ್ಲವಲ್ಲ, ಅವನು ಅಂಗಡಿಯಲ್ಲಿ ನನ್ನನ್ನು ದಾಟಿಕೊಂಡು ಒಳಗೆ ಹೋದನಲ್ಲ, ಎಂದೆ. ಅದಕ್ಕೆ ಅವರು, "ಹೌದು, ಅದು ತಪ್ಪೇ" ಎಂದು ಒಪ್ಪಿಕೊಂಡರು. ಅವರು ಉಪದೇಶ ಮಾಡಿದ್ದರೆ ಸಿಟ್ಟು ಮಾಡಿಕೊಂಡು ಬರಬಹುದಿತ್ತು. ಒಪ್ಪಿಕೊಂಡವರ ಹತ್ತಿರ ಏನು ಮಾಡುವುದು?

ನಿನ್ನೆ ಗುಲಾಬಿ ಬಣ್ಣದ ಬತ್ತಿ ಹಚ್ಚಿದರು, ಆಗಮನ ಕಾಲದ ಮೂರನೆಯದಾದ ಸಂತೋಷದ ಭಾನುವಾರ. ತಕ್ ಕೊನೆಯ ಬೆಂಚಿನಲ್ಲಿದ್ದ. ಪರಮಪ್ರಸಾದಕ್ಕೆ ಸಾಲಿನಲ್ಲಿ ಬಂದ, ತೆಗೆದುಕೊಂಡ. ನಲವತ್ತಕ್ಕೂ ಹೆಚ್ಚು ವರ್ಷದ ಮೇಲೆ. ನನಗೆ ಅಸೂಯೆಯಾಯಿತು ಅಂದರೆ ನಂಬುತ್ತೀಯಾ? ಅವನು ಇಳಿಸಿಕೊಂಡು ಹಗುರವಾದ, ಅಮ್ಮ ಮರೆತು ಹಗುರವಾದಳು, ಆ ಭಾರ ಎಲ್ಲಿಗೆ ಹೋಯಿತು ಎಂದರೆ ನನ್ನ ಹೆಗಲಿಗೇ. ಪರಲೋಕ ಪ್ರಾರ್ಥನೆಯಲ್ಲಿ ಆ ಸಾಲು ಬಂದಾಗ ಅಮ್ಮ ಹೇಳಿದಳು, ಪಕ್ಕದಲ್ಲಿ ನಿಂತ ನನ್ನ ಬಾಯಿ ಕಟ್ಟಿತು. ಇಷ್ಟು ವರ್ಷ ನಾನು ಯೋಚನೆಯೇ ಇಲ್ಲದೆ ಹೇಳುತ್ತಿದ್ದ ಸಾಲು. ಅಕ್ಕಿ ಅಂಗಡಿಯವಳಿಗೆ ಶಾವಿಗೆ ಕೊಟ್ಟು ರಾಜಿಯಾದೆ, ಅದು ಸುಲಭವಾಗಿತ್ತು. ಇನ್ನೂ ಪಾಪನಿವೇದನೆಗೆ ಹೋಗಿಲ್ಲ. ಏನೆಂದು ಹೇಳಲಿ? ಮಾಡಿದ ತಪ್ಪು ಹೇಳಬಹುದು. ಮಾಡಲಾಗದಿರುವುದನ್ನು ಹೇಗೆ ಹೇಳುವುದು? ಅವನಿಗೆ ನಿಜ ಹೇಳಿ ಅವನ ನೆಮ್ಮದಿ ಕಿತ್ತುಕೊಳ್ಳಲೇ? ಅಮ್ಮನಿಗೆ ನೆನಪು ಮಾಡಿಸಲೇ? ಎರಡೂ ಕ್ರೂರ ಅನಿಸುತ್ತದೆ. ಸುಮ್ಮನಿದ್ದರೆ ಅಪ್ಪನಿಗೆ ಮೋಸ ಅನಿಸುತ್ತದೆ. ನೀನು ಚಿಕ್ಕವಳು, ಆದರೆ ಈ ವಿಷಯದಲ್ಲಿ ನೀನೇ ಅಕ್ಕ ಎಂದುಕೋ.

ನಿಮ್ಮ ಮಠದ ತಾಯಿಯವರಿಗೆ ನನ್ನ ನಮಸ್ಕಾರ ಹೇಳು. ಆಶ್ರಮದ ಅಜ್ಜಿಯರಿಗೆಂದು ಒಣ ಪರ್ಸಿಮನ್ ಹಣ್ಣು ಬೇರೆ ಪೊಟ್ಟಣದಲ್ಲಿ ಬರುತ್ತಿದೆ, ಹಲ್ಲಿಲ್ಲದವರಿಗೆ ಹೆಚ್ಚಿ ಕೊಡು. ನಿನ್ನ ಭಾವ ಜಪ ಹೇಳುವಾಗ ತೂಕಡಿಸಿದರೂ ನಿನ್ನ ಹೆಸರು ಬಿಡುವುದಿಲ್ಲ. ಮಾತೆ ಮರಿಯಮ್ಮ ನಿನ್ನ ಮಂಡಿಗಳನ್ನು ಕಾಯಲಿ.

ನಿನ್ನ ಅಕ್ಕ,
ಅಗತಾ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಅಮ್ಮ ಒಣ ಮೂಲಂಗಿ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆಯೇ, "ಆ ತಕ್ ಬಂದಿದ್ದನಲ್ಲ, ಎಲ್ಲಿ ಅಂತ ಕೇಳಿದೆಯಾ?" ಅಂದಳು. ಏನಮ್ಮಾ ಎಲ್ಲಿ, ಅಂದೆ. "ನಿಮ್ಮಪ್ಪನ್ನ ಎಲ್ಲಿ ಹಾಕಿದ್ರು ಅಂತ. ಅವನೊಬ್ಬನಿಗೇ ಗೊತ್ತಿರೋದು. ಊಟ ಹಾಕಿದ್ದು ಮತ್ಯಾಕೆ?" ಅಂದಳು. ಅವಳಿಗೆ ಅವತ್ತೇ ಗೊತ್ತಿತ್ತೋ, ಈಗಷ್ಟೇ ಹೊಳೆಯಿತೋ, ನಾನು ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ, ಪಿಲ್ಗು ಇನ್ನೂ ಬಂದಿಲ್ಲವಾ, ಎಂದು ಬಾಗಿಲ ಕಡೆ ನೋಡತೊಡಗಿದಳು. ನಾನು ಏಪ್ರನ್ನಿನಲ್ಲೇ ಸೇಬಿನ ತೋಟಕ್ಕೆ ಹೋದೆ. ತಕ್ ನನ್ನನ್ನು ಕಂಡು ಎದ್ದು ನಿಂತ. ಕೇಳಿದೆ. "ಅತ್ತಿಗೆ ಕೇಳ್ತಾರೆ ಅಂತ ಊಟದುದ್ದಕ್ಕೂ ಕಾದೆ. ಕೇಳಲಿಲ್ಲ. ನಾನಾಗಿ ಹೇಳೋಕೆ ಬಾಯಿ ಬರಲಿಲ್ಲ" ಅಂದ. ಜಾಗ ಆವಿಗೆಯ ಹಿಂದಿನ ಇಳಿಜಾರು, ಈಗ ಯಾರದೋ ಮೂಲಂಗಿ ಹೊಲ. ಕೊಂದವರು ಹೋದ ಮೇಲೆ ತಾನೇ ವಾಪಸು ಹೋಗಿ, ತನ್ನ ಅಂಗಿ ಹೊದಿಸಿ ಮಣ್ಣು ಮುಚ್ಚಿದನಂತೆ. ಬರುವ ವಾರ, ಬುಧವಾರ ಬೆಳಿಗ್ಗೆ ಜಾಗ ತೋರಿಸುತ್ತಾನೆ, ಫಾದರ್ ಮಾ ಬರುತ್ತಾರೆ, ನಿನ್ನ ಭಾವ ಗುದ್ದಲಿ ಹಿಡಿಯುತ್ತಾರಂತೆ, ಬೆನ್ನುನೋವಿನ ಮಾತೇ ಎತ್ತಲಿಲ್ಲ. ಕ್ಷಮಿಸಿದೆಯಾ ಎಂದು ನನ್ನನ್ನು ಕೇಳಬೇಡ, ನನಗೆ ಗೊತ್ತಿಲ್ಲ, ಅವನ ಜೊತೆ ನಡೆಯುತ್ತೇನೆ ಅಷ್ಟೇ. ನೀನು ಅಪ್ಪನ ಮುಖ ನೋಡಿದ ನೆನಪಿಲ್ಲದವಳು, ನೀನಿಲ್ಲದೆ ಅಗೆಯುವುದಿಲ್ಲ. ತಾಯಿಯವರ ಅಪ್ಪಣೆ ಕೇಳು. ಇಲ್ಲಿ ಮಣ್ಣು ಹೆಪ್ಪುಗಟ್ಟುವ ಮುಂಚೆ ಬಾ.