ಹತ್ತು ಲಕ್ಷದ ಮೂರು

ಗಣಿಗಿಳಿದ ೪೦೨ನೇ ವರ್ಷ, ಹದಿಮೂರನೇ ತಿಂಗಳು

ಹಿಂದಿನವರಿಗೆ,

ಈ ತಾರೀಖು ನಿಮಗೆ ಅರ್ಥವಾಗದು, ನನ್ನ ಕೆಲವು ಮಾತುಗಳೂ ಆಗಲಿಕ್ಕಿಲ್ಲ. ಕ್ಷಮಿಸಿ ಎಂದು ಬರೆಯಬೇಕಂತೆ, ಬರೆದಿದ್ದೇನೆ. ಹೆಸರು ಚೌಡಕ್ಕ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು, ನಯವಾಗಿ ಬರೆಯಲು ಬರುವುದಿಲ್ಲ.

ಮೇಲೆ ನೆಲ ಸುಡುವುದರಿಂದ ನಾವು ನಲವತ್ತು ಮನೆಯವರು ಹಳೇ ಗಣಿಯೊಳಗಿದ್ದೇವೆ. ಗೋಡೆಯ ಬೆವರು ಉಸಿರಿಗೆ ಸೇರಿದರೆ ಉಪ್ಪುಜ್ವರ ಬರುತ್ತದೆ. ಅದರ ಮದ್ದು ನೀವು ಕಟ್ಟಿಹೋದ ಉಕ್ಕಿನ ಬಾಗಿಲ ಹಿಂದೆ. ಬಾಗಿಲ ಮೇಲೆ ಕೆತ್ತಿದ್ದೀರಿ: ೧೦೦೦೦೩೬೦೦೦೦೯೯. ಯಾವ ಎರಡು ಸಂಖ್ಯೆಗಳ ಗುಣಾಕಾರದಿಂದ ಇದು ಬರುತ್ತದೋ ಅವನ್ನು ಬೀಗದ ಅಂಕಿಚಕ್ರಗಳಲ್ಲಿ ತಿರುಗಿಸಿ ಕೂಡಿಸಿದರೆ ಬಾಗಿಲು ತೆರೆಯುತ್ತದಂತೆ. ಒಂದರಿಂದ ಗುಣಿಸಿದ್ದು ಮಾತ್ರ ನಡೆಯದಂತೆ. ನಿಮಗೇನು, ಲೆಕ್ಕದ ಯಂತ್ರವಿತ್ತು. ನಮ್ಮವು ಅಜ್ಜಿಯ ಕಾಲಕ್ಕೇ ಸತ್ತಿದ್ದವು.

ಹಾಗಾಗಿ ಪಾಲೆಣಿಕೆ ಶುರುವಾಯಿತು. ಅಂದರೆ ಮನೆಗೆ ದಿನಕ್ಕೆ ಐದು ಭಾಗಾಕಾರ, ಹಲಗೆಯ ಮೇಲೆ. ಮೂರರಿಂದ ಮೇಲಕ್ಕೆ. ಸರಿಸಂಖ್ಯೆ ಬಿಟ್ಟರು, ಐದರಲ್ಲಿ ಮುಗಿಯುವುದನ್ನೂ ಬಿಟ್ಟರು. ಮದುವೆ ಮನೆಯಲ್ಲೂ ಐದು ಮುಗಿಸದೆ ಅಣಬೆ ಗಂಜಿಗೆ ಕೂರುವಂತಿಲ್ಲ. ಸರದಿ ಮೀರಿ ಭಾಗಿಸಿದರೆ ಆ ಮನೆಯ ದೀಪದ ಎಣ್ಣೆ ಬಂದ್. ಶೇಷ ತಪ್ಪಾಯಿತೆಂದು ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ಕಂಡಿದ್ದೇನೆ.

ಎರಡನೇ ವರ್ಷ ನನಗೊಂದು ಹೊಳೆಯಿತು. ಹತ್ತು ಲಕ್ಷದ ಹದಿನೆಂಟನ್ನು ಅದರಿಂದಲೇ ಗುಣಿಸಿದರೆ ಬಾಗಿಲ ಸಂಖ್ಯೆಗಿಂತ ಒಂಚೂರು ಜಾಸ್ತಿ, ಬರೀ ಇನ್ನೂರ ಇಪ್ಪತ್ತೈದು. ಅಂದಮೇಲೆ ಎರಡರಲ್ಲಿ ಚಿಕ್ಕದು ಅದರ ಕೆಳಗೇ ಇರಬೇಕಲ್ಲ. ಅಲ್ಲಿಂದ ಇಳಿದುಬರೋಣ ಎಂದೆ. ಲೆಕ್ಕದ ಯಜಮಾನ ಏಕಾಂತಯ್ಯ ಎಲ್ಲರೆದುರು ನಕ್ಕ. "ಮಾಳಿಗೆ ಕಟ್ಟಿ ಆಮೇಲೆ ಪಾಯ ತೋಡ್ತಾರೇನೇ ಚೌಡಿ? ಹೋಗು, ನಿನ್ನ ಪಾಲಿನ ಐದು ಮುಗಿಸು" ಎಂದ. ಜನರೂ ನಕ್ಕರು. ನಾನು ಹೋಗಿ ಐದು ಮುಗಿಸಿದೆ.

ಮೂರನೇ ವರ್ಷ ನನ್ನ ಮಗಳು ಪುಟ್ಟೀರಿಗೆ ಉಪ್ಪುಜ್ವರ ಬಂತು. ಆಗಿನ್ನೂ ನಾಲ್ಕೂವರೆ ಲಕ್ಷದ ಹತ್ತಿರ ತೆವಳುತ್ತಿದ್ದೆವು. ಎಣ್ಣೆ ನಿಂತರೆ ಕಾಯಿಲೆಯವಳನ್ನು ಕತ್ತಲಲ್ಲಿ ಹೇಗೆ ನೋಡಿಕೊಳ್ಳಲಿ ಎಂದು ಹೆದರಿ ಸರದಿ ಮೀರಲಿಲ್ಲ. ಹನ್ನೊಂದು ದಿನ ಇದ್ದಳು.

ಮಣ್ಣು ಮಾಡಿ ಬಂದವಳೇ ಹಲಗೆ ತೊಡೆಮೇಲೆ ಇಟ್ಟುಕೊಂಡೆ. ಹತ್ತು ಲಕ್ಷದ ಹದಿನೇಳು, ಹದಿಮೂರು, ಹನ್ನೊಂದು, ಒಂಬತ್ತು, ಏಳು. ಆಗಲಿಲ್ಲ. ಆರನೆಯದು ಹತ್ತು ಲಕ್ಷದ ಮೂರು. ಶೇಷ ಸೊನ್ನೆ. ಅದರ ಜೋಡಿ ಹತ್ತು ಲಕ್ಷದ ಮೂವತ್ತಮೂರು. ಮೇಲಿನಿಂದ ಇಳಿದಿದ್ದರೆ ನಲವತ್ತು ಮನೆ ಬೇಡ, ಎರಡು ಮನೆಗೆ ಒಂದು ದಿನದ ಕೆಲಸ.

ಬಾಗಿಲು ತೆರೆಯಿತು, ಮದ್ದು ಕೆಟ್ಟಿರಲಿಲ್ಲ. ಏಕಾಂತಯ್ಯನ ಮೊಮ್ಮಗ ಅದನ್ನೇ ಕುಡಿದು ಎದ್ದ. ಮುದುಕ ನನ್ನ ಕಾಲಿಗೆ ಬಿದ್ದ. ಏಳು ಎನ್ನಲಿಲ್ಲ ನಾನು.

ಎರಡನ್ನೂ ಅಷ್ಟು ಹತ್ತಿರ ಇಟ್ಟಿರಲ್ಲ, ಅದು ಮೈಗಳ್ಳತನವೋ, ಯಾರಾದರೂ ಕಂಡುಕೊಳ್ಳಲಿ ಎಂಬ ಕರುಣೆಯೋ? ಕರುಣೆಯಾಗಿದ್ದರೆ ಬರೆದಿಡಬೇಕಿತ್ತು. ಈ ಕಾಗದ ಹಿಂದಕ್ಕೆ ಬಂದು ನಿಮ್ಮ ಕೈ ಸೇರುವಾಗ ನೀವಿನ್ನೂ ಆ ಬಾಗಿಲು ಮಾಡಿಲ್ಲದಿದ್ದರೆ ಕೇಳಿ: ಮದ್ದಿನ ಮುಂದೆ ಜಾಣತನ ಬೇಡ. ಒಂದು ಹಿಡಿಕೆ ಇಡಿ, ಸಾಕು.

ಚೌಡಕ್ಕ